ಹೊರಗೆ ಒಂದು ಹನಿ ರಕ್ತ ಇಲ್ಲ, ಹೊಟ್ಟೆಯೊಳಗೆ ಒಂದೂವರೆ ಲೀಟರ್. ಮೊದಲೇ ಗೊತ್ತಾಗುತ್ತಿತ್ತಾ?

ತೋಟದ ಮನೆ (ಮಂಗಳವಾರ, ಸಂಜೆ 6.40)

ಶಿರಸಿಯಿಂದ 22 ಕಿ.ಮೀ. ಒಳಗಿನ ಊರು ನಮ್ಮದು. ಭಾನುವಾರ ರಾತ್ರಿ ತಂಗಿಗೆ ಆಪರೇಷನ್ ಆಯಿತು. ಈಗ ಪರವಾಗಿಲ್ಲ, ಗಂಜಿ ಕುಡಿಯುತ್ತಿದ್ದಾಳೆ. ನನಗೆ ಮಾತ್ರ ಎರಡು ದಿನದಿಂದ ಒಂದೇ ಪ್ರಶ್ನೆ ಕೊರೆಯುತ್ತಿದೆ.

ಅವಳಿಗೆ 27 ವರ್ಷ. ತಿಂಗಳು ತಪ್ಪಿ ಮೂರು ವಾರ ಆಗಿತ್ತು. ಮನೆಯಲ್ಲೇ ಟೆಸ್ಟ್ ಮಾಡಿಕೊಂಡಿದ್ದಳು, ಎರಡು ಗೆರೆ ಬಂದಿತ್ತು. ಸ್ಕ್ಯಾನಿಂಗ್ ಮುಂದಿನ ವಾರ ಮಾಡಿಸೋಣ ಎಂದಿದ್ದರು. ಶನಿವಾರದಿಂದ ಕೆಳಹೊಟ್ಟೆಯ ಎಡಗಡೆ ಚುಚ್ಚಿದ ಹಾಗೆ ನೋವು. ಭಾನುವಾರ ಬೆಳಿಗ್ಗೆ ಪಾಯಿಖಾನೆಗೆ ಹೋದವಳು ಕಣ್ಣು ಕತ್ತಲೆ ಬಂದು ಅಲ್ಲೇ ಕುಸಿದಳು. "ಬಸುರಿಗೆ ತಲೆ ಸುತ್ತುವುದು ಇದ್ದದ್ದೇ" ಎಂದು ಅಮ್ಮ ನಿಂಬೆ ಪಾನಕ ಮಾಡಿಕೊಟ್ಟಳು. ಮಧ್ಯಾಹ್ನ ಹತ್ತಿರದ ಪೇಟೆಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಬಿಪಿ ಸರಿ ಇದೆ, ಎಚ್‌ಬಿ (ಹಿಮೋಗ್ಲೋಬಿನ್) 11 ಇದೆ, ಗ್ಯಾಸ್ಟ್ರಿಕ್ ಎಂದು ಇಂಜೆಕ್ಷನ್ ಕೊಟ್ಟು ಕಳಿಸಿದರು.

ಸಂಜೆ ಬಲ ಭುಜ ನೋವು ಶುರುವಾಯಿತು. ಮಲಗಿದರೆ ಜಾಸ್ತಿ, ಎದ್ದು ಕೂತರೆ ಸ್ವಲ್ಪ ಕಡಿಮೆ. ಬಿದ್ದಾಗ ಉಳುಕಿರಬೇಕು ಎಂದು ಎಣ್ಣೆ ಬಿಸಿ ಮಾಡಿ ತಿಕ್ಕಿದೆವು. ಏಳು ಗಂಟೆಗೆ ನೋಡಿದರೆ ತುಟಿ ಬೆಳ್ಳಗೆ, ಕೈ ತಣ್ಣಗೆ, ಬೆವರು. ಕಾರಿನಲ್ಲಿ ಹಾಕಿಕೊಂಡು ಶಿರಸಿಗೆ ಓಡಿದೆವು. ಅಲ್ಲಿ ಡಾಕ್ಟರು ಹೊಟ್ಟೆ ಮೇಲೆ ಸ್ಕ್ಯಾನ್ ಇಟ್ಟ ಅರ್ಧ ನಿಮಿಷಕ್ಕೆ "ಟ್ಯೂಬಿನಲ್ಲಿ, ಅಂದರೆ ಅಂಡ ಗರ್ಭಕೋಶಕ್ಕೆ ಬರುವ ನಳಿಕೆಯಲ್ಲಿ, ಗರ್ಭ ನಿಂತು ಒಡೆದಿದೆ, ಹೊಟ್ಟೆ ತುಂಬ ರಕ್ತ" ಎಂದರು. 11 ಗಂಟೆಗೆ ಆಪರೇಷನ್. ಎಡಗಡೆ ಟ್ಯೂಬ್ ತೆಗೆದರು. ಮೂರು ಬಾಟಲಿ ರಕ್ತ ಬೇಕಾಯಿತು.

ಕೆಳಗಿನಿಂದ ಒಂದು ಹನಿ ರಕ್ತ ಹೋಗಿರಲಿಲ್ಲ. ಬಿಪಿ ಸರಿ, ಎಚ್‌ಬಿ ಸರಿ. ಹಾಗಾದರೆ ಗೊತ್ತಾಗುವುದು ಹೇಗೆ?

ಅಪ್ಪೆಮಿಡಿ (6.52)

ಅಯ್ಯೋ ದೇವರೇ. ತಂಗಿ ಹುಷಾರಾದಳಲ್ಲ, ಅಷ್ಟು ಸಾಕು.

ನಿವೃತ್ತ ಸಿಸ್ಟರ್ (7.05)

ತಮ್ಮಾ, ಆ ಭುಜದ ನೋವೇ ದೊಡ್ಡ ಗುರುತು. 31 ವರ್ಷ ಹೆರಿಗೆ ವಾರ್ಡಿನಲ್ಲಿ ಇದ್ದವಳು ನಾನು. ಹೊಟ್ಟೆಯೊಳಗೆ ಸೋರಿದ ರಕ್ತ ಮೇಲೆ ಬಂದು ವಪೆಗೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಪರದೆಗೆ, ತಾಗುತ್ತದೆ. ವಪೆಯ ನರವೂ ಭುಜದ ನರವೂ ಕುತ್ತಿಗೆಯಲ್ಲಿ ಒಂದೇ ಕಡೆಯಿಂದ ಹೊರಡುತ್ತವೆ. ಹಾಗಾಗಿ ಮೆದುಳಿಗೆ ಭುಜ ನೋಯುತ್ತಿದೆ ಅನ್ನಿಸುತ್ತದೆ. ಮಲಗಿದರೆ ರಕ್ತ ಮೇಲೆ ಹರಿಯುತ್ತದೆ, ಅದಕ್ಕೇ ನೋವು ಜಾಸ್ತಿ. ಕೂತರೆ ಇಳಿಯುತ್ತದೆ. ನಿಜವಾದ ಉಳುಕಾದರೆ ಕೈ ಎತ್ತಿದಾಗ ನೋಯಬೇಕು.

ಇನ್ನೊಂದು, ಪಾಯಿಖಾನೆಯಲ್ಲಿ ಕುಸಿಯುವುದು. ಹೊಟ್ಟೆಯೊಳಗೆ ರಕ್ತ ನಿಂತರೆ ಪದೇ ಪದೇ ಹೊರಗೆ ಹೋಗಬೇಕು ಅನ್ನಿಸುತ್ತದೆ. ಅದನ್ನು ಭೇದಿ, ಗ್ಯಾಸ್ ಎಂದುಕೊಳ್ಳುತ್ತಾರೆ. ನನ್ನ ಕಣ್ಣೆದುರಿಗೇ ಎಷ್ಟೋ ಕೇಸು ಹಾಗೆ ಬಂದಿವೆ.

ತದಡಿ ಬಂಗಡೆ (7.11)

ರಕ್ತ ಹೊರಗೆ ಹೋಗದೆ ಒಳಗೇ ಹೇಗೆ ನಿಲ್ಲುತ್ತದೆ? ಗರ್ಭ ಹೋದರೆ ಹೊರಗೇ ಹೋಗಬೇಕಲ್ವಾ?

ಬೇಸಿನ್ ಪಕ್ಕದವಳು (7.30)

ನಾನು ಸ್ತ್ರೀರೋಗ ವಿಭಾಗದ ಡಾಕ್ಟರ್, ಮನೆ ಕುಮಟಾ. ಎಲ್ಲಿ ಕೆಲಸ ಎಂದು ಕೇಳಬೇಡಿ.

ಬಂಗಡೆಯವರೇ, ಗರ್ಭ ಗರ್ಭಕೋಶದಲ್ಲಿ ಇದ್ದರೆ ಹೊರಗೆ ದಾರಿ ಇದೆ. ಟ್ಯೂಬ್ ಒಡೆದರೆ ರಕ್ತ ನೇರವಾಗಿ ಕರುಳಿನ ಸುತ್ತಲಿನ ಜಾಗಕ್ಕೆ ಬೀಳುತ್ತದೆ. ಕೆಳಗೆ ಸ್ವಲ್ಪ ಕಂದು ಬಣ್ಣ ಕಾಣಬಹುದು, ಏನೂ ಕಾಣದೆಯೂ ಇರಬಹುದು. ನೂರು ಗರ್ಭದಲ್ಲಿ ಒಂದೋ ಎರಡೋ ಹೀಗೆ ಗರ್ಭಕೋಶದ ಹೊರಗೆ ನಿಲ್ಲುತ್ತವೆ, ಅದರಲ್ಲೂ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಟ್ಯೂಬಿನಲ್ಲೇ.

ತೋಟದ ಮನೆಯವರೇ, ಕ್ಲಿನಿಕ್ಕಿನ ಚೀಟಿ ಇದೆಯಾ? ಅದರಲ್ಲಿ ನಾಡಿ ಎಷ್ಟು ಬರೆದಿದ್ದಾರೆ?

ತೋಟದ ಮನೆ (7.48)

ಇದೆ. ಮಧ್ಯಾಹ್ನ 1.20ಕ್ಕೆ ಬಿಪಿ 110/70, ಪಲ್ಸ್ 112. ಶಿರಸಿಯಲ್ಲಿ ರಾತ್ರಿ 8ಕ್ಕೆ ಬಿಪಿ 90/60, ಪಲ್ಸ್ 128.

ಬೇಸಿನ್ ಪಕ್ಕದವಳು (8.02)

ಉತ್ತರ ಆ ಚೀಟಿಯಲ್ಲೇ ಇದೆ ನೋಡಿ. ಪಲ್ಸ್ ಅನ್ನು ಮೇಲಿನ ಬಿಪಿಯಿಂದ ಭಾಗಿಸಿ. 112ನ್ನು 110ರಿಂದ ಭಾಗಿಸಿದರೆ 1ಕ್ಕಿಂತ ಸ್ವಲ್ಪ ಜಾಸ್ತಿ. ನಮ್ಮ ವಿಭಾಗದಲ್ಲಿ 0.9 ದಾಟಿದರೇ ನಾವು ಕಿವಿ ನಿಮಿರಿಸುತ್ತೇವೆ. ರಾತ್ರಿ ಅದು 1.4 ಆಗಿದೆ. ಬಿಪಿ ಒಂದನ್ನೇ ನೋಡಿದರೆ ಮಧ್ಯಾಹ್ನ ಎಲ್ಲ ಸರಿ. ಎರಡನ್ನೂ ಜೊತೆಗೆ ನೋಡಿದ್ದರೆ ಸರಿ ಇರಲಿಲ್ಲ.

ಎಳೆ ವಯಸ್ಸಿನ ಹೆಂಗಸರ ದೇಹ ಗಟ್ಟಿ. ರಕ್ತನಾಳ ಬಿಗಿ ಮಾಡಿಕೊಂಡು, ಹೃದಯ ಜೋರಾಗಿ ಓಡಿಸಿ ಬಿಪಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೈಕಾಲು ತಣ್ಣಗಾಗುವುದು ಅದಕ್ಕೇ. ಬಿಪಿ ಬಿತ್ತು ಅಂದರೆ ಹಿಡಿತ ತಪ್ಪಿತು ಅಂತಲೇ. ಆಮೇಲೆ ಸಮಯ ಜಾಸ್ತಿ ಇರುವುದಿಲ್ಲ.

ಇದರಲ್ಲಿ ಒಂದು ಮೋಸವೂ ಇದೆ. ಹೊಟ್ಟೆಯಲ್ಲಿ ರಕ್ತ ತುಂಬಿದ ಕೆಲವರಿಗೆ ಪಲ್ಸ್ ಏರುವುದೇ ಇಲ್ಲ, 70-80ರಲ್ಲೇ ಇರುತ್ತದೆ. ಹಾಗಾಗಿ ಪಲ್ಸ್ ಸರಿ ಇದೆ ಎಂದೂ ನೆಮ್ಮದಿಯಾಗಿ ಕೂರುವ ಹಾಗಿಲ್ಲ.

ಲ್ಯಾಬ್ ಮಾಣಿ (8.10)

ಎಚ್‌ಬಿ ವಿಷಯ ನಾನು ಹೇಳುತ್ತೇನೆ, ದಿನಾ ಅದೇ ಕೆಲಸ. ಒಂದು ಪಾತ್ರೆ ಅಪ್ಪೆಹುಳಿ ಇದೆ ಅಂದುಕೊಳ್ಳಿ. ಅರ್ಧ ಚೆಲ್ಲಿತು. ಉಳಿದ ಅರ್ಧದ ಹುಳಿ ಕಡಿಮೆ ಆಗುತ್ತದಾ? ಇಲ್ಲ. ಪಾತ್ರೆ ತುಂಬಿಸಲು ನೀರು ಹೊಯ್ದ ಮೇಲೆ ತಾನೆ ಸಪ್ಪೆ ಆಗುವುದು? ರಕ್ತವೂ ಅಷ್ಟೇ. ಮೊದಲ ಕೆಲವು ತಾಸು ಎಚ್‌ಬಿ 11 ಇದ್ದರೆ 11ನ್ನೇ ತೋರಿಸುತ್ತದೆ. ದೇಹ ಒಳಗಿನ ನೀರು ಎಳೆದುಕೊಂಡ ಮೇಲೆ, ಅಥವಾ ಸಲೈನ್ ಏರಿಸಿದ ಮೇಲೆ ಇಳಿಯುತ್ತದೆ. ಮಿಷನ್ ಸುಳ್ಳು ಹೇಳುವುದಿಲ್ಲ, ನಾವು ಬೇಗ ಕೇಳಿದೆವು ಅಷ್ಟೇ.

ಅಪ್ಪೆಮಿಡಿ (8.14)

ನನ್ನ ಹೆಸರಿನ ಹುಳಿಯನ್ನು ಚೆಲ್ಲಿದಿರಲ್ಲ ಮಾರಾಯ್ರೆ 😀 ಆದರೆ ಚೆನ್ನಾಗಿ ಅರ್ಥವಾಯಿತು.

ಹಳೇ ಬೇರು (8.31)

ನಮ್ಮ ಅಜ್ಜಿಗೆ ಒಂಬತ್ತು ಹೆರಿಗೆ, ಎಲ್ಲ ಮನೆಯಲ್ಲೇ. ಓಮದ ಕಷಾಯ, ಬಿಸಿ ನೀರಿನ ಶಾಖ. ಈಗ ಹೊಟ್ಟೆ ನೋವು ಅಂದರೆ ಸಾಕು, ಸ್ಕ್ಯಾನಿಂಗ್ ಅಂತೀರಿ.

ಬನವಾಸಿ ಬಳ್ಳಿ (8.35)

ನಮ್ಮ ಅಜ್ಜಿಗೂ ಏಳು ಹೆರಿಗೆ. ಅವರ ಅಕ್ಕ ಮೂರು ತಿಂಗಳ ಬಸುರಿ ಇದ್ದಾಗ "ಹೊಟ್ಟೆ ನೋವು ಬಂದು ಬೆಳಗಾಗುವುದರಲ್ಲಿ ಹೋದಳು" ಎಂದು ಮನೆಯಲ್ಲಿ ಹೇಳುತ್ತಾರೆ. ಯಾಕೆ ಹೋದಳು ಎಂದು ಯಾರಿಗೂ ಗೊತ್ತಿಲ್ಲ. ಇವತ್ತು ಇದನ್ನೆಲ್ಲ ಓದಿ ನನಗೆ ಗೊತ್ತಾಯಿತು ಅನ್ನಿಸುತ್ತಿದೆ.

ಹಳೇ ಬೇರು (8.50)

ನಾನು ಹಾಗೆ ಹೇಳಲಿಲ್ಲ. ಎಲ್ಲದಕ್ಕೂ ಸ್ಕ್ಯಾನಿಂಗಾ ಎಂದೆ ಅಷ್ಟೇ.

ನಿವೃತ್ತ ಸಿಸ್ಟರ್ (8.58)

ಎಲ್ಲದಕ್ಕೂ ಬೇಡ. ತಿಂಗಳು ತಪ್ಪಿ, ಹೊಟ್ಟೆ ನೋವೂ ಬಂದು, ತಲೆಯೂ ಸುತ್ತಿತೆಂದರೆ ಬೇಕೇ ಬೇಕು. ತಿಂಗಳು ತಪ್ಪಿದ್ದು ನೆನಪಿಲ್ಲದಿದ್ದರೂ ಮೂತ್ರ ಪರೀಕ್ಷೆ ಮಾಡಬೇಕು. ಅದಕ್ಕೆ ಐದು ನಿಮಿಷ ಸಾಕು. ಶಾಖ ಕೊಟ್ಟುಕೊಂಡು ರಾತ್ರಿ ಕಳೆಯುವ ನೋವಲ್ಲ ಇದು. ದಾರಿಯಲ್ಲಿ ಏನೂ ತಿನ್ನಿಸಬೇಡಿ, ಚಾ ಕೂಡ ಕುಡಿಸಬೇಡಿ. ಹೋದ ತಕ್ಷಣ ಅರಿವಳಿಕೆ ಕೊಡಬೇಕಾಗಬಹುದು.

ಹಾಲಕ್ಕಿ ಗುಡ್ಡ (9.05)

ನನ್ನ ಅತ್ತಿಗೆಗೆ ಎರಡು ಮಕ್ಕಳಾದ ಮೇಲೆ ಆಪರೇಷನ್ ಆಗಿತ್ತು. ಆರು ವರ್ಷದ ಮೇಲೆ ಇದೇ ಕಥೆ. ಆಪರೇಷನ್ ಆಗಿದೆ, ಬಸುರಿ ಆಗಲು ಸಾಧ್ಯವೇ ಇಲ್ಲ ಎಂದು ಯಾರೂ ಟೆಸ್ಟೇ ಮಾಡಲಿಲ್ಲ. ಅಪೆಂಡಿಕ್ಸ್ ಎಂದುಕೊಂಡು ಹೊಟ್ಟೆ ಕೊಯ್ದ ಮೇಲೆ ಗೊತ್ತಾಯಿತು.

ಬೇಸಿನ್ ಪಕ್ಕದವಳು (9.20)

ಸರಿಯಾಗಿ ಹೇಳಿದಿರಿ. ಸಂತಾನಹರಣ ಆದವರು ಬಸುರಿಯಾಗುವುದು ಅಪರೂಪ, ಆದರೆ ಬಸುರಿಯಾದರೆ ಅದು ಟ್ಯೂಬಿನಲ್ಲಿ ನಿಂತಿರುವ ಸಾಧ್ಯತೆ ಬಹಳ ಜಾಸ್ತಿ. ಕಾಪರ್-ಟಿ ಇರುವಾಗ ನಿಂತ ಗರ್ಭವೂ ಹಾಗೆಯೇ. ಹಿಂದೆ ಒಮ್ಮೆ ಹೀಗಾದವರು, ಟ್ಯೂಬಿಗೆ ಸೋಂಕು ತಗುಲಿದ್ದವರು, ಮಕ್ಕಳಾಗಲು ಚಿಕಿತ್ಸೆ ತೆಗೆದುಕೊಂಡವರು ಕೂಡ ಹುಷಾರಾಗಿರಬೇಕು. ಹಾಗೆಂದು ಇದ್ಯಾವುದೂ ಇಲ್ಲದವರೂ ಬೇಕಾದಷ್ಟು ಜನ ಬರುತ್ತಾರೆ.

ಕಾಳಿ ಸಂಗಮ (9.33)

ನಮ್ಮದು ಕಾರವಾರ. ಹೆಂಡತಿಗೆ 33 ವಾರ ಆಗಿದ್ದಾಗ ಸ್ಕೂಟರಿನಿಂದ ಬಿದ್ದಳು. ಮೈಮೇಲೆ ಗಾಯ ಇಲ್ಲ, ರಕ್ತ ಇಲ್ಲ. ಮನೆಗೆ ಬಂದು ಅನ್ನ ಮಾಡಿದಳು! ಎರಡು ತಾಸಿನ ಮೇಲೆ ಹೊಟ್ಟೆ ಕಲ್ಲಿನ ಹಾಗೆ ಗಟ್ಟಿಯಾಯಿತು, ಸಡಿಲ ಆಗುವುದೇ ಇಲ್ಲ. ಮಾಸು ಒಳಗೇ ಕಳಚಿ ಹಿಂದೆ ರಕ್ತ ಕಟ್ಟಿತ್ತು. ತುರ್ತು ಸಿಸೇರಿಯನ್. ಮಗು ಬದುಕಿತು, ಈಗ ಎರಡನೇ ಕ್ಲಾಸು, ಮಾತು ಕೇಳುವುದಿಲ್ಲ. ಇದೂ ಅದೇ ಒಳರಕ್ತಸ್ರಾವ ಅಲ್ವಾ?

ಬೇಸಿನ್ ಪಕ್ಕದವಳು (9.51)

ಅಣ್ಣನ ಹಾಗೆ ತಿಳಿದು ಒಂದು ತಿದ್ದುಪಡಿ ಮಾಡುತ್ತೇನೆ. ನಿಮ್ಮವರ ರಕ್ತ ಕಟ್ಟಿದ್ದು ಗರ್ಭಕೋಶದ ಒಳಗೆ, ತೋಟದ ಮನೆಯವರ ತಂಗಿಯದು ಗರ್ಭಕೋಶದ ಹೊರಗೆ, ಹೊಟ್ಟೆಯಲ್ಲಿ. ಕಣ್ಣಿಗೆ ಕಾಣದೆ ಮೋಸ ಮಾಡುವುದರಲ್ಲಿ ಎರಡೂ ಒಂದೇ. ಕಳಚಿದ ಮಾಸು ಎಷ್ಟೋ ಸಲ ಸ್ಕ್ಯಾನಿನಲ್ಲಿ ಕಾಣುವುದೇ ಇಲ್ಲ. ಹಾಗಾಗಿ ಸ್ಕ್ಯಾನ್ ಸರಿ ಇದೆ ಎಂದು ಅದನ್ನು ಬಿಡುವ ಹಾಗಿಲ್ಲ. ಹೊಟ್ಟೆ ಮುಟ್ಟಿ ನೋಡಬೇಕು, ಮಗುವಿನ ಎದೆಬಡಿತದ ಗ್ರಾಫ್ ನೋಡಬೇಕು. ಬಸುರಿ ಬಿದ್ದರೆ ಏನೂ ಆಗದಿದ್ದರೂ ಕನಿಷ್ಠ ನಾಲ್ಕು ತಾಸು ಆಸ್ಪತ್ರೆಯಲ್ಲಿ ಇರಿಸಿಕೊಳ್ಳುವುದು ಇದಕ್ಕೇ.

ಕೊನೆಯ ತಿಂಗಳುಗಳಲ್ಲಿ ಇನ್ನೂ ಕಷ್ಟ. ಆಗ ತಾಯಿಯ ರಕ್ತ ಮೊದಲಿಗಿಂತ ಸುಮಾರು ಶೇ. 40-50 ಜಾಸ್ತಿ ಇರುತ್ತದೆ. ಒಂದು ಲೀಟರ್ ಹೋದರೂ ಅವಳು ಮಾತಾಡುತ್ತಾ ಕೂತಿರಬಹುದು. ಮಗುವಿಗೆ ಹೋಗುವ ರಕ್ತವನ್ನು ದೇಹ ಮೊದಲು ಕಡಿಮೆ ಮಾಡುತ್ತದೆ. ಅಂದರೆ ಎಷ್ಟೋ ಸಲ ತಾಯಿಗಿಂತ ಮೊದಲು ಮಗುವಿನ ಎದೆಬಡಿತದಲ್ಲಿ ಏರುಪೇರು ಕಾಣುತ್ತದೆ.

ಸಿದ್ದಾಪುರದ ಸೊಸೆ (10.04)

ಬರೆಯಬೇಕೋ ಬೇಡವೋ ಎಂದು ಒಂದು ತಾಸಿನಿಂದ ಯೋಚಿಸುತ್ತಿದ್ದೆ. ನನ್ನ ವಾರಗಿತ್ತಿಗೆ ಮೊದಲನೆಯದು ಸಿಸೇರಿಯನ್. ಎರಡನೆಯದಕ್ಕೆ ರಾತ್ರಿ ನೋವು ಶುರುವಾಯಿತು, ಬೆಳಗಿನ ತನಕ ತಡೆದುಕೊಂಡಳು. ನಾಲ್ಕು ಗಂಟೆಗೆ "ಏನೋ ಹರಿದ ಹಾಗಾಯ್ತು" ಎಂದಳು. ಆಮೇಲೆ ನೋವು ನಿಂತಿತು. ನಾವೆಲ್ಲ ಸಮಾಧಾನಪಟ್ಟೆವು. ಅವಳು ಮಲಗಲಿ ಎಂದು ದೀಪ ಆರಿಸಿದೆವು.

ಹಳೆಯ ಹೊಲಿಗೆ ಬಿಟ್ಟಿತ್ತು. ಅವಳು ಉಳಿದಳು. ಮಗು ಉಳಿಯಲಿಲ್ಲ.

ನಿವೃತ್ತ ಸಿಸ್ಟರ್ (10.12)

ಅಮ್ಮಾ, ಬರೆದದ್ದು ಒಳ್ಳೆಯದಾಯಿತು.

ಬನವಾಸಿ ಬಳ್ಳಿ (10.15)

🙏

ಘಟ್ಟದ ಸೈರನ್ (10.40)

108ರಲ್ಲಿ ಆರು ವರ್ಷ ಕೆಲಸ ಮಾಡಿದವನು. ನಮ್ಮ ಕಡೆಯ ಮಾತು ಸ್ವಲ್ಪ ಹೇಳುತ್ತೇನೆ. ಇಂಥ ಕೇಸಿಗೆ ಎರಡೂ ಕೈಗೆ ದಪ್ಪ ಸೂಜಿ ಹಾಕಬೇಕು, ಹಸಿರು ಇಲ್ಲವೇ ಬೂದು ಬಣ್ಣದ್ದು. ಗುಲಾಬಿ ಬಣ್ಣದ ಸಣ್ಣ ಸೂಜಿಯಲ್ಲಿ ರಕ್ತ ಏರಿಸಲು ಕೂತರೆ ಘಟ್ಟ ಇಳಿಯುವುದರಲ್ಲಿ ಕಾಲು ಬಾಟಲಿ ಹೋಗಿರುತ್ತದೆ. ಹೊಟ್ಟೆ ದೊಡ್ಡದಿದ್ದರೆ, ಅಂದರೆ ಐದು ತಿಂಗಳು ದಾಟಿದ್ದರೆ, ಅಂಗಾತ ಮಲಗಿಸಬಾರದು, ಎಡ ಮಗ್ಗುಲಿಗೆ ವಾಲಿಸಬೇಕು. ಇಲ್ಲದಿದ್ದರೆ ಗರ್ಭಕೋಶದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ಇರುವ ಬಿಪಿಯೂ ಹೋಗುತ್ತದೆ.

ಮುಖ್ಯ ವಿಷಯ, ಹೊರಡುವ ಮೊದಲೇ ಫೋನ್ ಮಾಡಿ. "ಡಾಕ್ಟರ್ ಇದ್ದಾರಾ, ಅರಿವಳಿಕೆಯವರು ಇದ್ದಾರಾ, ರಕ್ತ ಇದೆಯಾ" ಈ ಮೂರು ಕೇಳಿ. ಮೂರರಲ್ಲಿ ಒಂದು ಇಲ್ಲದ ಕಡೆ ಹೋದರೆ ಅಲ್ಲಿಂದ ಇನ್ನೊಂದು ಕಡೆ ಕಳಿಸುತ್ತಾರೆ. ಆ ಎರಡನೇ ಪ್ರಯಾಣದಲ್ಲೇ ಜೀವ ಹೋಗುವುದು. ಶಿರಸಿಯಿಂದ ಹುಬ್ಬಳ್ಳಿ 100 ಕಿ.ಮೀ., ಕಾರವಾರದವರು ಗೋವಾ, ಭಟ್ಕಳದವರು ಮಣಿಪಾಲ. ದಾರಿಯಲ್ಲಿ ರಕ್ತ ಸೋರುವುದು ನಿಲ್ಲುವುದಿಲ್ಲವಲ್ಲ.

ಕಾಳಿ ಸಂಗಮ (10.52)

ಇದಕ್ಕೇ ಅಲ್ವಾ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು ನಾವೆಲ್ಲ ಹೊಯ್ಕೊಂಡಿದ್ದು? 2022ರಲ್ಲಿ ಶಿರೂರಿನಲ್ಲಿ ಆಂಬುಲೆನ್ಸ್ ಗುಡ್ಡ ಕುಸಿತಕ್ಕೆ ಸಿಕ್ಕಿದಾಗ ಎಷ್ಟು ಗಲಾಟೆ ಆಯಿತು.

ತದಡಿ ಬಂಗಡೆ (10.57)

ಎರಡು ಶಿರೂರನ್ನು ಕಲಸಿದಿರಿ. 2022ರ ಜುಲೈಯದು ಬೈಂದೂರು ಹತ್ತಿರದ ಶಿರೂರು ಟೋಲ್. ಹೊನ್ನಾವರದಿಂದ ರೋಗಿಯನ್ನು ಕರೆದುಕೊಂಡು ಹೋಗುತ್ತಿದ್ದ ಆಂಬುಲೆನ್ಸ್ ಮಳೆಯಲ್ಲಿ ಜಾರಿ ಟೋಲಿಗೆ ಬಡಿದದ್ದು. ಗುಡ್ಡ ಕುಸಿದದ್ದು ನಮ್ಮ ಅಂಕೋಲೆಯ ಶಿರೂರು, 2024ರ ಜುಲೈ.

ಕಾಳಿ ಸಂಗಮ (11.01)

ಹೌದು ಹೌದು, ತಪ್ಪಾಯಿತು. ಎರಡೂ ಹೆದ್ದಾರಿ 66, ಎರಡೂ ಮಳೆಗಾಲ.

ಹಳೇ ಬೇರು (11.08)

ರಾಜಕೀಯ ಶುರುವಾಯಿತು, ನಾನು ಮಲಗುತ್ತೇನೆ.

ಯಾಣದ ಕಲ್ಲು (ಬುಧವಾರ, ಬೆಳಿಗ್ಗೆ 7.15)

ಇದಕ್ಕೆ ಆಪರೇಷನ್ ಇಲ್ಲದೆ ಇಂಜೆಕ್ಷನ್‌ನಲ್ಲೇ ಕರಗಿಸುತ್ತಾರೆ ಎಂದು ಕೇಳಿದ್ದೇನೆ. ಇವರ ತಂಗಿಯ ಟ್ಯೂಬ್ ತೆಗೆದದ್ದು ಅವಸರ ಆಯಿತೇನೋ?

ಬೇಸಿನ್ ಪಕ್ಕದವಳು (7.40)

ಅವಸರ ಅಲ್ಲ, ಅದೇ ಸರಿ. ಮೆಥೊಟ್ರೆಕ್ಸೇಟ್ ಇಂಜೆಕ್ಷನ್ ಕೊಡುವುದು ಟ್ಯೂಬ್ ಒಡೆಯುವ ಮೊದಲು ಸಿಕ್ಕವರಿಗೆ. ಗಡ್ಡೆ ಚಿಕ್ಕದಿರಬೇಕು, ಅದರಲ್ಲಿ ಎದೆಬಡಿತ ಇರಬಾರದು, ರಕ್ತದಲ್ಲಿ ಎಚ್‌ಸಿಜಿ ಎಂಬ ಗರ್ಭದ ಹಾರ್ಮೋನು ಜಾಸ್ತಿ ಇರಬಾರದು. ಕೊಟ್ಟ ಮೇಲೆ ನಾಲ್ಕನೇ ದಿನ, ಏಳನೇ ದಿನ ರಕ್ತ ಪರೀಕ್ಷೆ, ಅದು ಪೂರ್ತಿ ಇಳಿಯುವ ತನಕ ವಾರವಾರವೂ ಬರಬೇಕು. ಈ ನಡುವೆಯೂ ಟ್ಯೂಬ್ ಒಡೆಯಬಹುದು. ಮಳೆಗಾಲದಲ್ಲಿ ಸಂಕ (ಹಳ್ಳದ ಕಾಲುಸೇತುವೆ) ದಾಟಿ ಬರಬೇಕಾದ ಮನೆಯವರಿಗೆ ಆ ಇಂಜೆಕ್ಷನ್ ಕೊಡಲು ನಾನು ಎರಡು ಸಲ ಯೋಚಿಸುತ್ತೇನೆ. ಪುಸ್ತಕದಲ್ಲಿ ಸಂಕದ ಮಾತು ಇಲ್ಲ.

ಒಡೆದು ರಕ್ತ ಸೋರುತ್ತಿದ್ದರೆ ಸೋರುವ ಜಾಗ ಹಿಡಿಯುವುದೊಂದೇ ದಾರಿ. ಸಲೈನ್ ಸುರಿಯುತ್ತಾ ಕಾದರೆ ಇರುವ ರಕ್ತವೂ ತೆಳುವಾಗುತ್ತದೆ, ಲ್ಯಾಬ್ ಮಾಣಿಯ ಅಪ್ಪೆಹುಳಿ ಆಗುತ್ತದೆ. ಹೆಂಗಸಿನ ಸ್ಥಿತಿ ಗಟ್ಟಿ ಇದ್ದರೆ ಸಣ್ಣ ತೂತು ಮಾಡಿ ದುರ್ಬೀನಿನಲ್ಲಿ, ಕುಸಿದಿದ್ದರೆ ಹೊಟ್ಟೆ ತೆರೆದು. ಇನ್ನೊಂದು ಟ್ಯೂಬ್ ಚೆನ್ನಾಗಿದ್ದರೆ ಮುಂದೆ ಮಕ್ಕಳಾಗಲು ತೊಂದರೆ ಇಲ್ಲ. ಮುಂದಿನ ಸಲ ಮಾತ್ರ ತಿಂಗಳು ತಪ್ಪಿದ ತಕ್ಷಣ ಹೇಳಬೇಕು, ಆರು ವಾರಕ್ಕೇ ಸ್ಕ್ಯಾನ್ ಆಗಬೇಕು. ಹತ್ತರಲ್ಲಿ ಒಬ್ಬರಿಗೆ ಮತ್ತೆ ಹಾಗೇ ಆಗುವ ಸಾಧ್ಯತೆ ಇದೆ.

ಸಿದ್ದಾಪುರದ ಸೊಸೆ (8.05)

ಡಾಕ್ಟ್ರೇ, ಬಸುರಿಗೆ ಮೇಲುಹೊಟ್ಟೆ ನೋವು ಬಂದರೂ ಹೀಗೇನಾ? ನನ್ನ ನಾದಿನಿಗೆ ಎಂಟು ತಿಂಗಳು, ಎದೆಯುರಿ ಎನ್ನುತ್ತಿರುತ್ತಾಳೆ.

ಬೇಸಿನ್ ಪಕ್ಕದವಳು (8.21)

ಎದೆಯುರಿ ಹೆಚ್ಚಿನವರಿಗೆ ಬರುತ್ತದೆ, ಹೆದರಬೇಡಿ. ಆದರೆ ಬಲ ಪಕ್ಕೆಲುಬಿನ ಕೆಳಗೆ ನೋವು, ಜೊತೆಗೆ ಬಿಪಿ ಜಾಸ್ತಿ, ತಲೆನೋವು, ಕಣ್ಣು ಮಂಜು ಇದ್ದರೆ ಅದು ಗ್ಯಾಸ್ಟ್ರಿಕ್ ಅಲ್ಲ. ಬಿಪಿ ಕಾಯಿಲೆ ಲಿವರಿಗೆ ಹತ್ತಿರಬಹುದು. ಅಪರೂಪಕ್ಕೆ ಲಿವರಿನ ಪೊರೆಯೇ ರಕ್ತ ಕಟ್ಟಿ ಒಡೆಯುತ್ತದೆ. ಇವತ್ತೇ ಒಮ್ಮೆ ಬಿಪಿ ನೋಡಿಸಿಬಿಡಿ, ತಾಯಿ ಕಾರ್ಡ್ ತೆಗೆದುಕೊಂಡು ಹೋಗಿ.

ರಕ್ತದ ಗೆಳೆಯ (9.10)

ತೋಟದ ಮನೆಯವರೇ, ಭಾನುವಾರ ರಾತ್ರಿ 9 ಗಂಟೆಗೆ ನಮ್ಮ ರಕ್ತದಾನಿಗಳ ಗುಂಪಿಗೆ ಶಿರಸಿಯಿಂದ ಬಿ ನೆಗೆಟಿವ್ ಬೇಕು ಎಂದು ಮೆಸೇಜ್ ಬಂದಿತ್ತು. ಅದು ನಿಮ್ಮ ತಂಗಿಗೇನಾ?

ತೋಟದ ಮನೆ (9.26)

ಹೌದು! ಬಹಳ ಉಪಕಾರ ಆಯಿತು. ಅವಳಿಗೂ ಆಗುವ ಒ ನೆಗೆಟಿವ್ ಎರಡು ಬಾಟಲಿ ಅಲ್ಲೇ ಇತ್ತು. ಮೂರನೆಯದಕ್ಕೆ ಯಲ್ಲಾಪುರದಿಂದ ಒಬ್ಬ ಹುಡುಗ ಆ ಮಳೆಯಲ್ಲಿ ಬೈಕಿನಲ್ಲಿ ಬಂದು ಕೊಟ್ಟ. ಅವನ ಹೆಸರೂ ಕೇಳಲು ಆಗಲಿಲ್ಲ.

ನಿವೃತ್ತ ಸಿಸ್ಟರ್ (9.29)

ತಮ್ಮಾ ನಿಲ್ಲು. ತಂಗಿ ನೆಗೆಟಿವ್ವಾ? ಅವಳ ಗಂಡನದು ಯಾವ ಗುಂಪು? ಆಪರೇಷನ್ ಆದ ಮೇಲೆ ಆಂಟಿ-ಡಿ ಇಂಜೆಕ್ಷನ್ ಕೊಟ್ಟಿದ್ದಾರಾ?

ತೋಟದ ಮನೆ (9.34)

ಗಂಡ ಒ ಪಾಸಿಟಿವ್. ಇಂಜೆಕ್ಷನ್ ಬೇಕಾದಷ್ಟು ಕೊಟ್ಟಿದ್ದಾರೆ, ಯಾವುದು ಎಂದು ಗೊತ್ತಿಲ್ಲ.

ಬೇಸಿನ್ ಪಕ್ಕದವಳು (9.41)

ಸಿಸ್ಟರ್, ನನಗೆ ಹೊಳೆಯಲೇ ಇಲ್ಲ, ಥ್ಯಾಂಕ್ಸ್. ತೋಟದ ಮನೆಯವರೇ, ಈಗಲೇ ವಾರ್ಡಿನಲ್ಲಿ ಕೇಸ್ ಶೀಟ್ ನೋಡಿಸಿ. ಮಗುವಿನ ರಕ್ತ ಪಾಸಿಟಿವ್ ಇದ್ದು ತಾಯಿಯ ರಕ್ತಕ್ಕೆ ಸೇರಿದ್ದರೆ ಅವಳ ದೇಹ ಅದರ ವಿರುದ್ಧ ತಯಾರಾಗುತ್ತದೆ. ಈಗ ಅವಳಿಗೆ ಏನೂ ಆಗುವುದಿಲ್ಲ, ಮುಂದಿನ ಮಗುವಿಗೆ ತೊಂದರೆ. ಅದನ್ನು ತಡೆಯುವುದೇ ಆಂಟಿ-ಡಿ. ಟ್ಯೂಬಿನ ಗರ್ಭಕ್ಕೂ ಈ ಇಂಜೆಕ್ಷನ್ ಬೇಕು. ಹೆರಿಗೆಗೆ ಮಾತ್ರ ಎಂದು ಕೆಲವು ಕಡೆ ಮರೆತುಬಿಡುತ್ತಾರೆ. 72 ತಾಸಿನೊಳಗೆ ಆಗಬೇಕು. ಭಾನುವಾರ ಬೆಳಿಗ್ಗೆ ಕುಸಿದಾಗಲೇ ಒಡೆದಿತ್ತು ಎಂದು ಲೆಕ್ಕ ಹಾಕಿದರೆ ಇವತ್ತು ಬೆಳಿಗ್ಗೆಗೇ ಮುಗಿಯುತ್ತದೆ. ತಡವಾದರೂ ಕೊಡಿಸಿ, ಬಿಡಬೇಡಿ.

ಅಪ್ಪೆಮಿಡಿ (9.43)

ಓಡಿ ಮಾರಾಯ್ರೆ!

ಲ್ಯಾಬ್ ಮಾಣಿ (10.20)

ಏನಾಯಿತು? ಇಲ್ಲಿ ಮೂರು ಸ್ಯಾಂಪಲ್ ಬಾಕಿ ಇಟ್ಟುಕೊಂಡು ಇದನ್ನೇ ನೋಡುತ್ತಿದ್ದೇನೆ.

ತೋಟದ ಮನೆ (11.35)

ಕೊಟ್ಟಿರಲಿಲ್ಲ. ಕೇಸ್ ಶೀಟಿನಲ್ಲಿ ಬರೆದಿತ್ತು, ಆದರೆ ಔಷಧಿ ಆಗ ಸ್ಟಾಕ್ ಇರಲಿಲ್ಲವಂತೆ, ಆಮೇಲೆ ಪಾಳಿ ಬದಲಾಯಿತಂತೆ. ನಾನು ಜಗಳ ಆಡಲಿಲ್ಲ. ಜೀವ ಉಳಿಸಿದವರೂ ಅವರೇ. ಮೂರು ಮೆಡಿಕಲ್ ಶಾಪ್ ತಿರುಗಿ ನಾಲ್ಕನೆಯದರಲ್ಲಿ ಸಿಕ್ಕಿತು. ಐಸ್ ಹಾಕಿದ ಡಬ್ಬಿಯಲ್ಲಿ ಇಟ್ಟು ಕೊಟ್ಟರು. 11.10ಕ್ಕೆ ಚುಚ್ಚಿದರು. ಡಾಕ್ಟರು ಲೆಕ್ಕ ನೋಡಿ ಪರವಾಗಿಲ್ಲ ಎಂದರು.

ಸಿಸ್ಟರ್, ನಿಮ್ಮ ಕಾಲಿಗೆ ಬೀಳಬೇಕು.

ನಿವೃತ್ತ ಸಿಸ್ಟರ್ (11.42)

ಕಾಲಿಗೆ ಬೀಳುವುದು ಬೇಡ. ಆ ಚೀಟಿಯ ಫೋಟೋ ತೆಗೆದು ತಾರೀಕು ಕಾಣುವ ಹಾಗೆ ಇಟ್ಟುಕೋ, ಮುಂದಿನ ಸಲ ಕೇಳುತ್ತಾರೆ. ಅಮ್ಮನಿಗೆ ಎಣ್ಣೆ ತಿಕ್ಕಿದ್ದಕ್ಕೆ ಬೈಯಬೇಡ.

ತೋಟದ ಮನೆ (11.50)

ಬೈದಿಲ್ಲ. ತಿಕ್ಕಿದವನು ನಾನೇ.

ರಕ್ತದ ಗೆಳೆಯ (12.15)

ಯಲ್ಲಾಪುರದ ಆ ಹುಡುಗ ನಮ್ಮ ಗುಂಪಿನವನೇ. ಈ ಚರ್ಚೆ ಅವನಿಗೆ ಕಳಿಸಿದೆ. "ಅವರು ಚಾ ಕುಡಿಸಿದರು, ನನ್ನ ಹೆಲ್ಮೆಟ್ ಅಲ್ಲೇ ಮರೆತೆ, ಇದೆಯಾ ಕೇಳು" ಎಂದು ಬರೆದಿದ್ದಾನೆ.

ತೋಟದ ಮನೆ (12.22)

ನೀಲಿ ಬಣ್ಣದ್ದಾ? ತಂಗಿಯ ಮಂಚದ ಕೆಳಗೆ ಇದೆ. ಯಾರದ್ದೆಂದು ಎರಡು ದಿನದಿಂದ ಕೇಳುತ್ತಿದ್ದೆವು. ನಾನೇ ತಂದುಕೊಡುತ್ತೇನೆ ಎಂದು ಹೇಳಿ.